ಕಾನೂನು ಪ್ರಶ್ನೋತ್ತರ: ಅಪೀಲಿನ ದಿನ ಎಲ್ಲಿ ನೋಡಬೇಕು?

ಪ್ರಶ್ನೆ: ಹೊಲದ ಪಾಲಿನ ನಮ್ಮ ಎರಡನೇ ಅಪೀಲು ಹೈಕೋರ್ಟಿನಲ್ಲಿದೆ. ವಿಚಾರಣೆ ದಿನಕ್ಕೆ ಪ್ರತಿಸಲ ವಕೀಲರನ್ನೇ ಕೇಳಬೇಕೇ? ವಿಚಾರಣೆಯ ಪಟ್ಟಿ ಬಹಿರಂಗಪಡಿಸಲು ಕಾಯ್ದೆ ಇಲ್ಲವೇ?
– ಓದುಗರು, ಜಮಖಂಡಿ

ಉತ್ತರ: ನೀವೇ ನೋಡಬಹುದು. ಹೈಕೋರ್ಟ್ ಜಾಲತಾಣದ ಕಾಸ್‌ಲಿಸ್ಟ್‌ನಲ್ಲಿ (ಆಯಾ ದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ) ಮೊದಲು ಪೀಠ ಆರಿಸಿ. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ, ವಿಜಯಪುರದವರಿಗೆ ಕಲಬುರಗಿ. ಬೆಂಗಳೂರಿನ ಪಟ್ಟಿಯಲ್ಲಿ ಹುಡುಕಿ ‘ಕೇಸೇ ಇಲ್ಲ’ ಎಂದು ಗಾಬರಿಯಾಗುವವರಿದ್ದಾರೆ. ನಂತರ ಆರ್‌ಎಸ್‌ಎ (ಎರಡನೇ ಅಪೀಲಿನ ಗುರುತು), ಸಂಖ್ಯೆ, ವರ್ಷ ಹಾಕಿ. ಕೆಳ ಕೋರ್ಟಿನ ಓಎಸ್ (ಮೂಲ ದಾವೆಯ) ನಂಬರಿಗೆ ಇಲ್ಲಿ ಏನೂ ಸಿಗದು. ಈಚಿನ ವರ್ಷಗಳ ಧಾರವಾಡದ ಸಂಖ್ಯೆ ಆರಂಕಿಯದು, ಅದರ ಮೊದಲ ಅಂಕಿ 1, ಕಲಬುರಗಿಯದಕ್ಕೆ 2. 16 ಅಂಕಿ-ಅಕ್ಷರಗಳ ಸಿಎನ್‌ಆರ್ (ಪ್ರತಿ ಕೇಸಿನ ಪ್ರತ್ಯೇಕ ಗುರುತು ಸಂಖ್ಯೆ) ಇದ್ದರೆ ಇ-ಕೋರ್ಟ್ಸ್ ಆ್ಯಪ್ ಸಾಕು. ಹಿಂದಿನ ದಿನ ಸಂಜೆ ಪೂರಕ ಪಟ್ಟಿಯನ್ನೂ ನೋಡಿ. ಮುಖ್ಯ ಪಟ್ಟಿಯಲ್ಲಿಲ್ಲದ ಕೇಸು ಅಲ್ಲಿ ಬರಬಹುದು.

ಕಾಯ್ದೆಯ ಮಾತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂಲದಲ್ಲೇ, 41ನೇ ಆದೇಶದ 14ನೇ ನಿಯಮದಲ್ಲಿ, ಅಪೀಲಿನ ದಿನದ ನೋಟಿಸನ್ನು ನ್ಯಾಯಾಲಯದ ಕಟ್ಟಡದಲ್ಲಿ ಅಂಟಿಸಬೇಕೆಂದಿದೆ. ಆಗ ಜಾಲತಾಣವೆಲ್ಲಿತ್ತು! ಹೈಕೋರ್ಟಿನ ರಚನೆ, ಸಂಘಟನೆ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯ, ಕಾಯ್ದೆ ಮಾಡುವುದು ಸಂಸತ್ತು. ಸುವರ್ಣ ವಿಧಾನಸೌಧದಲ್ಲಿ ಶಾಸಕರು ಎಲ್ಲವನ್ನೂ ಬದಲಿಸಲಾಗದು. ಸಿವಿಲ್ ಪ್ರಕ್ರಿಯೆ ಮಾತ್ರ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಅದಕ್ಕಿಂತ ಹತ್ತಿರದ ದಾರಿ, ಸಂಹಿತೆಯ 122ನೇ ಕಲಮಿನಡಿ ಹೈಕೋರ್ಟೇ ನಿಯಮ ಮಾಡುವುದು. ನಮ್ಮ ದೃಷ್ಟಿಯಲ್ಲಿ, ‘ಪ್ರಕಟಿಸಬೇಕು’ ಎಂದಷ್ಟೇ ಬರೆದರೆ ಸಾಲದು, ಎಷ್ಟು ಗಂಟೆ ಮೊದಲು ಎಂಬುದೂ ಬೇಕು. ಜಮಖಂಡಿಯಿಂದ ಧಾರವಾಡಕ್ಕೆ ಬಸ್ಸು ಹಿಡಿಯುವವರಿಗೆ ಸಂಜೆಯ ಪಟ್ಟಿ ತಡವೇ.

ಗೈರುಹಾಜರಿಯಿಂದ ಅಪೀಲು ವಜಾ ಆದರೆ, 30 ದಿನದೊಳಗೆ ಅದೇ 41ನೇ ಆದೇಶದ 19ನೇ ನಿಯಮದಡಿ ಮರುದಾಖಲಾತಿಗೆ ಅರ್ಜಿ ಹಾಕಿ, ಬಾರದಿದ್ದುದಕ್ಕೆ ಕಾರಣ ತೋರಿಸಿ.