ಅಮೆರಿಕದ ಒಂದು ಸಣ್ಣ ರೈಲ್ವೆ ಊರಿನ ಇತಿಹಾಸವನ್ನು ಉಳಿಸಿ, ಹಂಚುವುದು ಹೇಗೆ?

ಮೊದಲು ಹಿರಿಯರ ಹತ್ತಿರ ಹೋಗಿ. ಇಂಥ ಎಷ್ಟೋ ಊರುಗಳು ಉಗಿಬಂಡಿಗೆ ನೀರು, ಕಲ್ಲಿದ್ದಲು ತುಂಬಲೆಂದೇ ಬೆಳೆದವು. 1940, 50ರ ದಶಕಗಳಲ್ಲಿ ಡೀಸೆಲ್ ಎಂಜಿನ್ ಬಂದ ಮೇಲೆ ಆ ಕೆಲಸ ಹೋಯಿತು, ಜನರೂ ಚದುರಿದರು. ಆ ಕಾಲ ಕಂಡವರು ಈಗ ತುಂಬಾ ಕಡಿಮೆ ಅಲ್ವಾ?

ಸುಮ್ನೆ "ಊರಿನ ಬಗ್ಗೆ ಹೇಳಿ" ಎಂದರೆ ಮಾತು ಬೇಗ ಮುಗಿಯುತ್ತದೆ. ಹಳೇ ಫೋಟೊ ಒಂದನ್ನು ಕೈಗೆ ಕೊಡಿ. ನೀರಿನ ಟ್ಯಾಂಕ್ ಎಲ್ಲಿತ್ತು, ರಾತ್ರಿ ಪಾಳಿಯವರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ. ಆಗ ಹೆಸರುಗಳು ತಾವಾಗಿಯೇ ಬರುತ್ತವೆ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ.

ದಾಖಲೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಯಾನ್‌ಬಾರ್ನ್ ಕಂಪನಿಯ ವಿಮಾ ನಕ್ಷೆಗಳು. ಬೆಂಕಿ ಅಪಾಯ ಅಳೆಯಲು ಬರೆದವು. ಗುಲಾಬಿ ಬಣ್ಣ ಇದ್ದರೆ ಇಟ್ಟಿಗೆ ಕಟ್ಟಡ, ಹಳದಿ ಇದ್ದರೆ ಮರದ್ದು. ಬೇರೆ ಬೇರೆ ವರ್ಷದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಊರು ಬೆಳೆದದ್ದೂ ಕುಗ್ಗಿದ್ದೂ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಸಾವಿರಾರು ಹಾಳೆಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. 1913ರ ಕಾನೂನಿನ ಪ್ರಕಾರ ರೈಲ್ವೆ ಆಸ್ತಿಗಳ ಮೌಲ್ಯಮಾಪನ ನಡೆಯಿತು. ಅದಕ್ಕಾಗಿ ಬರೆದ ರೈಲ್ವೆ ನಕ್ಷೆಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಹುಡುಕಿ.

ಫೋಟೊಗಳ ಎರಡೂ ಬದಿ ಸ್ಕ್ಯಾನ್ ಮಾಡಿ. ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಒಂದು ಸಾಲು ಕೆಲವೊಮ್ಮೆ ಚಿತ್ರಕ್ಕಿಂತ ಜಾಸ್ತಿ ಹೇಳುತ್ತದೆ. 600 ಡಿಪಿಐ (ಪ್ರತಿ ಇಂಚಿಗೆ 600 ಚುಕ್ಕೆ), ಗುಣಮಟ್ಟ ಕೆಡದಂತೆ ಉಳಿಸುವ ಟಿಫ್ ಫೈಲ್ ಸಾಕು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಅದೇ ದಿನ ಬರೆದಿಡಿ.

ಹಂಚುವಾಗ ಒಂದು ಪ್ರತಿ ಊರಿನ ಲೈಬ್ರರಿಗೆ ಕೊಡಿ, ಇನ್ನೊಂದನ್ನು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕಿ. ಬದುಕಿರುವವರ ಖಾಸಗಿ ವಿಷಯ ಇದ್ದರೆ ಅವರನ್ನು ಕೇಳದೆ ಹಾಕಬೇಡಿ.