ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಕಾರಿಗೆ ಎಫ್‌ಸಿ: ಮೊದಲು ಹಿಂದಿನ ಚಕ್ರ ಬಿಚ್ಚಿಸಿ

ಮಂಡ್ಯದಲ್ಲಿ ಅಪ್ಪ ಓಡಿಸುತ್ತಿದ್ದ ಹಳದಿ ಬೋರ್ಡ್ ಡೀಸೆಲ್ ಕಾರನ್ನು ಈಗ ನೀವು ನೋಡಿಕೊಳ್ಳುತ್ತಿದ್ದೀರಿ. ಗಾಡಿಗೆ ಎಂಟು ವರ್ಷ ತುಂಬಿದೆ, ಮುಂದಿನ ತಿಂಗಳು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮುಗಿಯುತ್ತದೆ. ಒಂದೇ ಸಲಕ್ಕೆ ಪಾಸ್ ಆಗಬೇಕಾದರೆ ಏನೇನು ಮಾಡಿಸಬೇಕು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ನನ್ನ ಗಾಡಿಯೂ ಎಂಟು ವರ್ಷ ದಾಟಿದ್ದೇ. ಅದರಿಂದ ಕಲಿತಿದ್ದನ್ನು ಹೇಳುತ್ತೇನೆ.

ಮೊದಲು ನಿಯಮ. 2018ರ ತಿದ್ದುಪಡಿ ಆದ ಮೇಲೆ ಎಂಟು ವರ್ಷದವರೆಗಿನ ಬಾಡಿಗೆ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಎಂಟು ದಾಟಿದರೆ ಪ್ರತಿ ವರ್ಷ. ಬಿಳಿ ಬೋರ್ಡ್ ಸ್ವಂತ ಕಾರಿಗೆ ಈ ತಲೆಬಿಸಿ ಇಲ್ಲ, ಅದಕ್ಕೆ ತಪಾಸಣೆ ಬರುವುದು ಹದಿನೈದು ವರ್ಷ ಆದ ಮೇಲೆ ಆರ್‌ಸಿ ನವೀಕರಿಸುವಾಗ. ನಿಮ್ಮದು ಇನ್ನು ಮುಂದೆ ವರ್ಷಾ ವರ್ಷ. ದಿನ ಮೀರಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಬೀಳುತ್ತದೆ. ಅದಕ್ಕಿಂತ ದೊಡ್ಡದು, ಎಫ್‌ಸಿ ಇಲ್ಲದಾಗ ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಹಾಗಾಗಿ ಮೂರು ವಾರ ಮೊದಲೇ ಕೆಲಸ ಶುರು ಮಾಡಿ.

ಎಲ್ಲಕ್ಕಿಂತ ಮೊದಲು ಬ್ರೇಕ್. ನಮ್ಮ ಕಡೆ ಹಳಬರು ಆರ್‌ಟಿಒ ಇನ್ಸ್‌ಪೆಕ್ಟರನ್ನು ಇವತ್ತಿಗೂ ‘ಬ್ರೇಕ್ ಇನ್ಸ್‌ಪೆಕ್ಟರ್’ ಅಂತಲೇ ಕರೆಯುತ್ತಾರೆ, ಅಲ್ವಾ. ಅದರಲ್ಲಿ ಅರ್ಥ ಇದೆ.

ಮೂರು ವರ್ಷದ ಹಿಂದೆ ನಾನು ಮುಂದಿನ ಬ್ರೇಕ್ ಪ್ಯಾಡ್ ಮಾತ್ರ ಹೊಸದು ಹಾಕಿಸಿ ತಪಾಸಣೆಗೆ ಹೋದೆ. ಸ್ವಲ್ಪ ವೇಗ ತೆಗೆದುಕೊಂಡು ಒಮ್ಮೆಲೇ ಬ್ರೇಕ್ ಒತ್ತಲು ಹೇಳಿದರು. ಒತ್ತಿದೆ. ಗಾಡಿ ಬಲಕ್ಕೆ ಎಳೆಯಿತು. ಸರಿ ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಗ್ಯಾರೇಜಿನಲ್ಲಿ ಎಡಗಡೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ ನಾನೂ ಪಕ್ಕದಲ್ಲೇ ಕೂತು ನೋಡಿದೆ. ಬ್ರೇಕ್ ಒತ್ತಿದಾಗ ಲೈನರನ್ನು (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಅಂಚು ಎದ್ದಿತ್ತು. ಅಲ್ಲಿಂದ ಬ್ರೇಕ್ ಆಯಿಲ್ ಸಣ್ಣಗೆ ಜಿನುಗಿ ಲೈನರಿನ ಅರ್ಧ ಭಾಗ ಒದ್ದೆಯಾಗಿತ್ತು. ಅದರ ಮೇಲೆ ಧೂಳು ಕೂತು ಕಪ್ಪು ಜಿಡ್ಡಾಗಿತ್ತು. ಬೆರಳಲ್ಲಿ ಮುಟ್ಟಿದರೆ ಅಂಟುತ್ತಿತ್ತು. ಅದಕ್ಕೂ ಮೊದಲು ಎರಡು ಸಲ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಇಳಿದಿದೆ ಅಂತ ಮೇಲಿಂದ ತುಂಬಿಸಿದ್ದೆ. ಎಲ್ಲಿಗೆ ಹೋಯಿತು ಅಂತ ಹುಡುಕಿರಲಿಲ್ಲ. ತಪಾಸಣೆಗೆ ಎರಡು ದಿನ ಮುಂಚೆ ಇದೇ ಗಾಡಿಯಲ್ಲಿ ಒಂದು ಕುಟುಂಬವನ್ನು ಚಾಮುಂಡಿ ಬೆಟ್ಟದಿಂದ ಇಳಿಸಿಕೊಂಡು ಬಂದಿದ್ದೆ, ತಾಯಿಯ ತೊಡೆಯ ಮೇಲೆ ಕೈಗೂಸು ಮಲಗಿತ್ತು. ಆ ಒದ್ದೆ ಲೈನರ್ ನೋಡುವಾಗ ನನಗೆ ಆ ಮಗುವೇ ಕಣ್ಣ ಮುಂದೆ ಬಂತು. ವಾಪಸ್ ಕಳಿಸಿದವರಿಗೆ ಮನಸ್ಸಲ್ಲೇ ಕೈ ಮುಗಿದೆ.

ಅದಕ್ಕೇ ಹೇಳುವುದು, ನಾಲ್ಕೂ ಚಕ್ರ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ಆಯಿಲ್ ಕುಡಿದ ಲೈನರನ್ನು ಉಜ್ಜಿ ಒರೆಸಿ ಮತ್ತೆ ಹಾಕಿಸಬೇಡಿ, ಹೊಸದೇ ಬೇಕು. ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆಯೂ ಬದಲಾಯಿಸಿ. ಇಲ್ಲದಿದ್ದರೆ ಎಡ ಬಲ ಸಮ ಹಿಡಿಯುವುದಿಲ್ಲ. ಯಂತ್ರದಲ್ಲಿ ತಪಾಸಣೆ ಮಾಡುವ ಕಡೆ ಚಕ್ರವನ್ನು ರೋಲರ್ ಮೇಲೆ ನಿಲ್ಲಿಸಿ ನೋಡುವುದೇ ಈ ವ್ಯತ್ಯಾಸವನ್ನು. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ಆಗಿದ್ದರೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಸಿ. ಆ ಆಯಿಲ್ ಗಾಳಿಯಲ್ಲಿರುವ ನೀರು ಹೀರುತ್ತದೆ. ಬೆಟ್ಟ ಇಳಿಯುವಾಗ ಬಿಸಿಯಾದರೆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಹ್ಯಾಂಡ್ ಬ್ರೇಕನ್ನು ಇಳಿಜಾರಿನಲ್ಲಿ ಪರೀಕ್ಷಿಸಿ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಬ್ರೇಕ್ ಪೆಡಲಿನಿಂದ ಕಾಲು ನಿಧಾನಕ್ಕೆ ಎತ್ತಿ ನೋಡಿ, ಮತ್ತೆ ಒತ್ತಲು ಕಾಲು ಸಿದ್ಧವಾಗಿರಲಿ. ಗಾಡಿ ಅಲುಗಬಾರದು.

ಟೈರ್ ವಿಷಯ ಬಿಡಿಸಿ ಹೇಳಬೇಕು. ಎಫ್‌ಸಿ ದಿನಕ್ಕೆ ಅಂತ ಒಳ್ಳೆ ಟೈರ್ ಎರವಲು ತಂದು ಹಾಕಿ, ಸಂಜೆ ಮತ್ತೆ ಸವೆದದ್ದನ್ನೇ ಹಾಕುವವರಿದ್ದಾರೆ. ನಿಮಗೂ ಯಾರಾದರೂ ಈ ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಅಳೆಯಲು ಸಲಕರಣೆ ಬೇಡ. ಗೀರಿನ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ಉಬ್ಬು ಇರುತ್ತದೆ. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಆ ಟೈರ್ ಮುಗಿಯಿತು. ಒಳ ಅಂಚು ಮಾತ್ರ ಜಾಸ್ತಿ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ (ಚಕ್ರದ ಕೋನ ಸರಿಪಡಿಸುವುದು) ಮಾಡಿಸಿ, ಹಾಗೇ ಬಿಟ್ಟರೆ ಹೊಸ ಟೈರೂ ಉಳಿಯುವುದಿಲ್ಲ. ಬೆಂಗಳೂರು ಹೈವೇಯಲ್ಲಿ ಮಳೆಗೆ ಸವೆದ ಟೈರಿನಲ್ಲಿ ಹೋಗುವುದು ಬೇಡವೇ ಬೇಡ.

ಹೊಗೆ ತಪಾಸಣೆಗೆ ತಣ್ಣಗಿನ ಇಂಜಿನ್‌ನಲ್ಲಿ ಹೋಗಬೇಡಿ. ಏರ್ ಫಿಲ್ಟರ್ ಬದಲಾಯಿಸಿ, ಮದ್ದೂರಿನವರೆಗೆ ಒಂದು ಸಲ ಹೋಗಿ ಬಂದು ಆಮೇಲೆ ಮಾಡಿಸಿ. ಬಿಎಸ್4 (ಈಗಿನ ಬಿಎಸ್6ಕ್ಕೂ ಹಿಂದಿನ ಹೊಗೆ ನಿಯಮ) ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆಯ ಮಿತಿ ಪ್ರತಿ ಮೀಟರ್‌ಗೆ 1.62, ಚೀಟಿಯಲ್ಲಿ ಆ ಅಂಕಿ ನೋಡಿ. ಡೀಸೆಲ್ ಗಾಡಿಗೆ ಅಕ್ಸಿಲರೇಟರ್ ಪೂರ್ತಿ ಒತ್ತಿ ಪರೀಕ್ಷೆ ಮಾಡುತ್ತಾರೆ. ಇಂಜಿನ್ ಆಯಿಲ್, ಬೆಲ್ಟ್ ಹಳೆಯದಾಗಿದ್ದರೆ ಮೊದಲೇ ಬದಲಾಯಿಸಿ. ಇಂಜಿನ್‌ಗೆ ಅಷ್ಟು ಬಲ ಬೀಳುವ ಹೊತ್ತಿನಲ್ಲಿ ಅವು ಕೈ ಕೊಡಬಾರದು.

ಲೈಟು, ಇಂಡಿಕೇಟರ್, ಹಾರ್ನ್, ವೈಪರ್, ಸೀಟ್ ಬೆಲ್ಟ್ ಎಲ್ಲ ಹಿಂದಿನ ಸಂಜೆ ಇನ್ನೊಬ್ಬರನ್ನು ನಿಲ್ಲಿಸಿ ನೋಡಿಸಿ. ಹೊರಗಿಂದ ಹಾಕಿಸಿದ ಕಣ್ಣು ಕುಕ್ಕುವ ಬಿಳಿ ಬಲ್ಬ್ ಇದ್ದರೆ ತೆಗೆದು ಕಂಪನಿಯದ್ದೇ ಹಾಕಿ. ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ ಗಂಟೆಗೆ 80 ಕಿ.ಮೀ.ಗೆ ಇರಬೇಕು, ಅದರ ಸರ್ಟಿಫಿಕೇಟ್ ಜೊತೆಗಿರಲಿ. ಪ್ರತಿಫಲಿಸುವ ಟೇಪ್ ಮುಂದೆ ಬಿಳಿ, ಹಿಂದೆ ಕೆಂಪು. ಎದ್ದು ಬಂದಿದ್ದರೆ ಹೊಸದು ಅಂಟಿಸಿ. ಪ್ಯಾನಿಕ್ ಬಟನ್, ಹೊಸ ಮಾದರಿಯ ನಂಬರ್ ಪ್ಲೇಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವನ್ನೂ ನೋಡಿಕೊಳ್ಳಿ. ಆಯುಧ ಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ನಂಬರ್ ಪ್ಲೇಟ್ ಮೇಲೆ ಉಳಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿಂದಿನ ಗಾಜಿನ ಮೇಲೆ ಅಪ್ಪನ ಹೆಸರು ದೊಡ್ಡದಾಗಿ ಬರೆಸಿದ್ದರೆ ಅದನ್ನು ಡಿಕ್ಕಿಯ ಮೇಲೆ ಬರೆಸಿಕೊಳ್ಳಬಹುದು, ಗಾಜು ಖಾಲಿ ಇರಲಿ.

ತುಂಬಾ ಜನ ಮರೆಯುವುದು ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಗುರುತಿನ ಸಂಖ್ಯೆ. ಅದು ಎಲ್ಲಿದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಮೊದಲೇ ಹುಡುಕಿ, ಮಣ್ಣು, ಗ್ರೀಸ್, ತುಕ್ಕು ಮೃದುವಾಗಿ ತೆಗೆಯಿರಿ, ಕೆರೆಯಬೇಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಪ್ರತಿ ಅಕ್ಷರ ಮೂಡಬೇಕು.

ಕಾಗದದ ಕೆಲಸ ಕಷ್ಟ ಇಲ್ಲ. ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬಹುದು. ಆರ್‌ಸಿ, ಹಳೆಯ ಎಫ್‌ಸಿ, ಇನ್ಶೂರೆನ್ಸ್, ಎಮಿಷನ್, ಪರ್ಮಿಟ್, ತೆರಿಗೆ ಕಟ್ಟಿದ್ದು ಎಲ್ಲದರ ದಿನಾಂಕ ನೋಡಿ. ಬಾಕಿ ದಂಡ ಇದ್ದರೆ ಕಟ್ಟಿಬಿಡಿ. ಗಾಡಿಯ ದಾಖಲೆಯಲ್ಲಿ ಇನ್ನೂ ಅಪ್ಪನ ಹಳೆಯ ಮೊಬೈಲ್ ನಂಬರ್ ಇದ್ದರೆ ಒಟಿಪಿ ಅಲ್ಲಿಗೇ ಹೋಗುತ್ತದೆ, ಅದನ್ನು ಈ ವಾರವೇ ಬದಲಾಯಿಸಿ.

ಹಿಂದಿನ ಡ್ರಮ್ ಬಿಚ್ಚಿಸಿದ ಮೇಲೆ ಒಳಗೆ ಹೇಗಿತ್ತು ಅಂತ ಇಲ್ಲೇ ಬರೆಯಿರಿ. ಫೋಟೋ ಹಾಕಿದರೆ ಲೈನರ್ ಇನ್ನೊಂದು ವರ್ಷ ಬರುತ್ತದಾ ಇಲ್ಲವಾ ನೋಡಿ ಹೇಳುತ್ತೇನೆ.