ಎಲ್‌ಎಲ್‌ಆರ್ (ಲರ್ನರ್ಸ್ ಲೈಸೆನ್ಸ್) ಟೆಸ್ಟ್ ಪ್ರಶ್ನೆಗಳನ್ನ ಬರೆಯುವಾಗ ತಪ್ಪು ಆಪ್ಷನ್‌ಗಳನ್ನ ಟ್ರಿಕ್ಕಿಯಾಗಿ ಮಾಡೋದು ಹೇಗೆ?

ಟ್ರಿಕ್ಕಿಯಾಗಿ ಮಾಡಲೇಬೇಡಿ. ನೀವೂ ಸಾಫ್ಟ್‌ವೇರ್ ಮ್ಯಾನ್ಯುಯಲ್ ಬರೆಯೋರು, ಡ್ರೈವಿಂಗ್ ಸ್ಕೂಲ್‌ನೋರು ಪ್ರಾಕ್ಟೀಸ್ ಪುಸ್ತಕ ಬರ್ಕೊಡಿ ಅಂದಿದಾರೆ ಅಂತ ಓದಿದ ತಕ್ಷಣ ನನ್ನದೇ ಕಥೆ ಅನ್ನಿಸ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಾನು ಒಪ್ಕೊಂಡಾಗ ಇದೇನ್ ಮಹಾ, ವೀಕೆಂಡ್ ಕೆಲಸ ಅಂದ್ಕೊಂಡಿದ್ದೆ. ಮೋಟಾರು ವಾಹನ ಕಾಯ್ದೆ, 2017ರ ಡ್ರೈವಿಂಗ್ ರೆಗ್ಯುಲೇಷನ್ಸ್ ಎರಡನ್ನೂ ಪಕ್ಕದಲ್ಲಿಟ್ಕೊಂಡು ಒಂದೊಂದು ನಿಯಮಕ್ಕೆ ಒಂದೊಂದು ಪ್ರಶ್ನೆ ಮಾಡ್ತಾ ಹೋದೆ. ಹಳದಿ ಸಿಗ್ನಲ್ ಬಗ್ಗೆ ಬರೆದದ್ದು ಇದು: "ಹಳದಿ ದೀಪ ಬಂದಾಗ ಏನು ಮಾಡಬೇಕು? ಎ) ವೇಗ ಹೆಚ್ಚಿಸಬೇಕು. ಬಿ) ಹಾರ್ನ್ ಮಾಡಬೇಕು. ಸಿ) ಸ್ಟಾಪ್ ಲೈನ್ ದಾಟಿಲ್ಲದಿದ್ದರೆ ಮತ್ತು ಸುರಕ್ಷಿತವಾಗಿ ನಿಲ್ಲಿಸಲು ಸಾಧ್ಯವಿದ್ದರೆ ಲೈನ್‌ಗಿಂತ ಮೊದಲು ವಾಹನ ನಿಲ್ಲಿಸಬೇಕು."

ನಿಯಮದ ಪ್ರಕಾರ ಅದು ಸರಿಯಾಗೇ ಇದೆ. ಎಡವಟ್ಟು ಆಗಿದ್ದೂ ಅಲ್ಲೇ. ಸ್ಕೂಲ್ ಓನರ್ ತಮ್ಮ ಮಗಳ ಕೈಗೆ ಪ್ರಿಂಟೌಟ್ ಕೊಟ್ಟು ಟಿಕ್ ಮಾಡಮ್ಮ ಅಂದ್ರು, ಹೈಸ್ಕೂಲ್ ಹುಡುಗಿ, ಸೈಕಲ್ ಬಿಟ್ಟು ಬೇರೇನೂ ಓಡಿಸಿಲ್ಲ. ಪುಟ ತಿರುಗಿಸ್ತಾ ಹೋದ್ಲು, ಹೆಚ್ಚುಕಮ್ಮಿ ಎಲ್ಲಾ ಸರಿ. ಹೇಗೆ ಪುಟ್ಟಾ ಅಂದ್ರೆ "ಉದ್ದ ಇರೋದೇ ಕರೆಕ್ಟ್ ಅಂಕಲ್, ಪ್ರಶ್ನೆ ಓದೋದೇ ಬೇಡ" ಅಂದ್ಲು. ನನ್ನ ಪುಸ್ತಕದಲ್ಲಿ ಪ್ರಾಕ್ಟೀಸ್ ಮಾಡಿದ ಬ್ಯಾಚ್‌ನೋರು ಸ್ಕೂಲ್‌ನಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡು ಆರ್‌ಟಿಓ ಟೆಸ್ಟ್‌ನಲ್ಲಿ ಯಾಕೆ ಫೇಲ್ ಆಗ್ತಿದ್ರು ಅಂತ ಅವತ್ತು ಗೊತ್ತಾಯ್ತು. ಪುಸ್ತಕ ವಾಪಸ್ ಬಂತು, ಬಾಕಿ ದುಡ್ಡು ಬರಲೇ ಇಲ್ಲ, ನಾನು ಕೇಳೋಕೂ ಹೋಗ್ಲಿಲ್ಲ.

ಯಾಕೆ ಹಾಗಾಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮಗೂ ಇದೇ ಚಾಳಿ ಇರುತ್ತೆ. ನಮ್ಮ ಕೆಲಸದಲ್ಲಿ ಷರತ್ತು ಬಿಟ್ಟು ಬರೆದ್ರೆ ರಿವ್ಯೂನಲ್ಲಿ ಬೈಸ್ಕೋತೀವಿ, ಹಾಗಾಗಿ ಸರಿ ಉತ್ತರಕ್ಕೆ ಮಾತ್ರ "ಆದರೆ", "ಹೊರತು", "ಸಾಧ್ಯವಿದ್ದರೆ" ಎಲ್ಲಾ ಅಂಟಿಸಿಬಿಡ್ತೀವಿ, ತಪ್ಪು ಉತ್ತರ ಹೆಂಗೂ ತಪ್ಪಲ್ವಾ, ಅದನ್ನ ಯಾರು ತಿದ್ದಿ ತೀಡ್ತಾರೆ, ಎರಡು ಪದದಲ್ಲಿ ಮುಗಿಸ್ತೀವಿ. ಷರತ್ತೆಲ್ಲಾ ಪ್ರಶ್ನೆಯೊಳಗೆ ಹೋಗ್ಬೇಕು ಕಣ್ರೀ, ಉತ್ತರದೊಳಗಲ್ಲ. ಆಮೇಲೆ ತಿದ್ದಿ ಬರೆದದ್ದು: "ಸ್ಟಾಪ್ ಲೈನ್ ಇನ್ನೂ ದೂರ ಇದೆ, ನಿಮ್ಮ ಹಿಂದೆ ಗಾಡಿ ಇಲ್ಲ, ಹಸಿರು ಹೋಗಿ ಹಳದಿ ಬಂತು." ಉತ್ತರಗಳು: ಲೈನ್‌ಗಿಂತ ಮೊದಲೇ ನಿಲ್ಲಿಸುತ್ತೇನೆ, ಕೆಂಪು ಬೀಳುವ ಮೊದಲು ದಾಟುತ್ತೇನೆ, ಹಾರ್ನ್ ಹೊಡೆದು ದಾಟುತ್ತೇನೆ. ಎಲ್ಲಾ ಒಂದೇ ಅಳತೆ. ಎರಡನೇದನ್ನ ದಿನಾ ಸಿಲ್ಕ್ ಬೋರ್ಡ್‌ನಲ್ಲಿ ನಿಂತು ನೋಡಬಹುದು.

ತಪ್ಪು ಆಪ್ಷನ್ ಸಿಗೋದು ರಸ್ತೇಲೇ, ನಿಮ್ಮ ತಲೇಲಿ ಅಲ್ಲ. ಕಾವಲಿಲ್ಲದ ರೈಲ್ವೆ ಗೇಟ್ ತಗೊಳ್ಳಿ. ಬ್ರಾಡ್ ಗೇಜ್ ಲೈನ್‌ಗಳಲ್ಲಿ 2019ರ ಹೊತ್ತಿಗೆ ಅವನ್ನ ತೆಗೆದುಹಾಕಿದ್ರೂ ಎಲ್‌ಎಲ್‌ಆರ್ ಟೆಸ್ಟ್‌ನಲ್ಲಿ ಕೇಳಬೇಕಾದ ವಿಷಯಗಳ ಪಟ್ಟೀಲಿ ಅದು ಇದೆ. ಕಾಯ್ದೆ ಏನನ್ನುತ್ತೆ ಅಂದ್ರೆ ಗಾಡಿ ನಿಲ್ಲಿಸಿ, ಕಂಡಕ್ಟರೋ ಕ್ಲೀನರೋ ಜೊತೇಲಿರೋ ಇನ್ಯಾರೋ ಹಳಿ ತನಕ ನಡೆದು ರೈಲು ಬರ್ತಿಲ್ಲ ಅಂತ ನೋಡ್ಬೇಕು, ಯಾರೂ ಇಲ್ದಿದ್ರೆ ಡ್ರೈವರ್ರೇ ಇಳೀಬೇಕು. ಜನ ಮಾಡೋದೇನು? ಸೀಟಲ್ಲೇ ಕೂತು ಕತ್ತು ಚಾಚಿ ನೋಡ್ತಾರೆ, ಇಲ್ಲಾ ಮುಂದಿನ ಗಾಡಿ ಹೋಯ್ತಲ್ಲ ಅಂತ ಹಿಂದೇನೇ ನುಗ್ತಾರೆ. ಇವೆರಡನ್ನೂ ಹಾಗೇ ಎತ್ತಿ ಆಪ್ಷನ್ ಮಾಡಿ. ಓದಿದೋನಿಗೆ "ಅಯ್ಯೋ, ನಾನೂ ಹಿಂಗೇ ಮಾಡ್ತೀನಲ್ಲ" ಅನ್ನಿಸ್ಬೇಕು. "ಮೇಲಿನ ಎಲ್ಲವೂ", "ಇವುಗಳಲ್ಲಿ ಯಾವುದೂ ಅಲ್ಲ" ಇವೆರಡನ್ನ ಮುಟ್ಟಲೇಬೇಡಿ, ನನ್ನ ಪ್ರಕಾರ ಅದು ಸೋಮಾರಿತನ.

ಇನ್ನು ನೀವು ಇದು ಮ್ಯಾನ್ಯುಯಲ್‌ಗಿಂತ ಹಗುರದ ಕೆಲಸ ಅಂತ ಬರೆದಿದೀರಿ. ನಾನಂತೂ ಒಪ್ಪಲ್ಲ. ಮ್ಯಾನ್ಯುಯಲ್ ಅರ್ಥ ಆಗ್ದಿದ್ರೆ ಜನ ಸಪೋರ್ಟ್‌ಗೆ ಫೋನ್ ಮಾಡ್ತಾರೆ. ಇಲ್ಲಿ ಓದೋರು ಆಟೋ ಓಡಿಸಿ ಹೊಟ್ಟೆ ಹೊರೀಬೇಕು ಅಂತ ಬಂದೋರು, ಶಾಲೆ ಬಿಟ್ಟು ವರ್ಷಗಳೇ ಆಗಿರುತ್ತೆ, ಸ್ಕ್ರೀನ್ ಮೇಲೆ ಸೆಕೆಂಡ್ ಓಡ್ತಿರುತ್ತೆ, ಪಾಸಾಗೋಕೆ ನೂರಕ್ಕೆ 60 ಬೇಕು. ಅವರಿಗೆ ಗಾಡಿ ನಿಲ್ಲಿಸೋದು ಗೊತ್ತು, ನಿಮ್ಮ ವಾಕ್ಯ ಅರ್ಥ ಆಗ್ದೆ ಫೇಲಾದ್ರೆ ಅದು ಯಾರ ತಪ್ಪು?

ದಂಡದ ಮೊತ್ತ ಕೇಳೋ ಪ್ರಶ್ನೆ ಕಮ್ಮಿ ಮಾಡಿ. ಹೆಲ್ಮೆಟ್‌ಗೆ 2019ರ ತಿದ್ದುಪಡಿ 1000 ರೂಪಾಯಿ ಅಂತು, ಅದೇ ವರ್ಷ ನಮ್ಮ ರಾಜ್ಯ 500ಕ್ಕೆ ಇಳಿಸ್ತು, ಪುಸ್ತಕ ಪ್ರಿಂಟ್ ಮಾಡಿಸಿದೋರು ಏನ್ ಮಾಡ್ಬೇಕು? ಅದಕ್ಕೇ ಪ್ರತಿ ಪ್ರಶ್ನೆ ಪಕ್ಕ ಸೆಕ್ಷನ್ ನಂಬರ್ ಬರೆದಿಟ್ಕೊಳ್ಳಿ, ಕಾನೂನು ಬದಲಾದ ದಿನ ಹುಡುಕಾಡೋದು ತಪ್ಪುತ್ತೆ. ಮಾರ್ಕೆಟ್‌ನಲ್ಲಿ ಸಿಗೋ ಗೈಡ್‌ಗಳಿಂದ ಕಾಪಿ ಹೊಡೀಬೇಡಿ, ಕೆಲವು ಇನ್ನೂ 1989ರ ಹಳೇ ರಸ್ತೆ ನಿಯಮಗಳನ್ನೇ ಇಟ್ಕೊಂಡಿವೆ. ಟ್ರಾಫಿಕ್ ಚಿಹ್ನೆಗಳನ್ನ ಕಲರ್‌ನಲ್ಲೇ ಪ್ರಿಂಟ್ ಮಾಡಿಸಿ ಅಂತ ಹಟ ಹಿಡೀರಿ, ಕೆಂಪು ಅಂಚು ನೀಲಿ ವೃತ್ತ ಎರಡೂ ಜೆರಾಕ್ಸ್‌ನಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತೆ.

ಆಮೇಲೆ ದುಡ್ಡಿನ ವಿಷಯ: ಪ್ರಶ್ನೆಗೆ ಇಷ್ಟು ಅಂತ ರೇಟ್ ಒಪ್ಕೋಬೇಡಿ. ಬರೆಯೋದಕ್ಕಿಂತ ಜನರ ಕೈಲಿ ಓದಿಸಿ ತಿದ್ದೋದಕ್ಕೇ ಜಾಸ್ತಿ ಟೈಮ್ ಹೋಗುತ್ತೆ, ಅದಕ್ಕೆ ಬೇರೆ ದುಡ್ಡು ಕೇಳಿ, ಅರ್ಧ ಅಡ್ವಾನ್ಸ್ ತಗೊಳ್ಳಿ.